ಬಳಸಿದ ವಸ್ತುಗಳನ್ನು ವಿದೇಶದ ಖರೀದಿದಾರರಿಗೆ ಕಳುಹಿಸುವಾಗ ಎದುರಾಗುವ ತೊಡಕುಗಳು ಹಾಗೂ ಅನುಸರಿಸಬೇಕಾದ ಕ್ರಮಗಳು

ಪೀಠಿಕೆ

ಮನೆಯಲ್ಲಿ ಬಳಕೆಯಿಲ್ಲದೆ ಉಳಿದಿರುವ ಹಿತ್ತಾಳೆ ದೀಪ, ತಾಮ್ರದ ಹಂಡೆ, ರೇಷ್ಮೆ ಸೀರೆ, ಕ್ಯಾಮೆರಾ, ಗಡಿಯಾರ, ವೀಣೆ, ಮರುಮುದ್ರಣ ಕಾಣದ ಕನ್ನಡ ಪುಸ್ತಕ ಮುಂತಾದವುಗಳಿಗೆ ವಿದೇಶಗಳಲ್ಲಿ, ವಿಶೇಷವಾಗಿ ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ, ಖರೀದಿದಾರರು ದೊರೆಯುತ್ತಿದ್ದಾರೆ. ಅಂತರ್ಜಾಲದ ಮೂಲಕ ಬೆಲೆ ನಿಗದಿಯಾಗುವುದು ಒಂದೆರಡು ದಿನಗಳ ಕೆಲಸ. ಆದರೆ ವಸ್ತುವು ಖರೀದಿದಾರರ ಕೈ ಸೇರುವವರೆಗಿನ ಹಾದಿ ಅಷ್ಟು ಸುಗಮವಾದುದಲ್ಲ.

“ಹಳೆಯ ಸಾಮಾನು ತಾನೆ, ಇದಕ್ಕೆಂಥ ಕಾಗದಪತ್ರ” ಎಂಬ ಭಾವನೆ ಸಾರ್ವಜನಿಕರಲ್ಲಿ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಹೊಸ ವಸ್ತುವಿಗೆ ಅನ್ವಯಿಸುವ ರಫ್ತು ವಿಧಾನವೇ ಹಳೆಯ ವಸ್ತುವಿಗೂ ಅನ್ವಯಿಸುತ್ತದೆ. ಅದರ ಜೊತೆಗೆ, ಹೊಸ ವಸ್ತುವಿಗೆ ಯಾರೂ ಕೇಳದ ಒಂದು ಪ್ರಶ್ನೆಯನ್ನು ಹಳೆಯ ವಸ್ತುವಿಗೆ ಕೇಳಲಾಗುತ್ತದೆ: ಇದು ಎಷ್ಟು ಹಳೆಯದು? ವಸ್ತು ಏನು, ಅದರ ವಯಸ್ಸೆಷ್ಟು, ಅದು ಮಾರಾಟವೇ ಉಡುಗೊರೆಯೇ ಎಂಬ ಮೂರು ಪ್ರಶ್ನೆಗಳಿಗೆ ಪೊಟ್ಟಣ ಕಟ್ಟುವ ಮುನ್ನವೇ ಲಿಖಿತವಾಗಿ ಹಾಗೂ ಸತ್ಯವಾಗಿ ಉತ್ತರ ಸಿದ್ಧಪಡಿಸಿಕೊಂಡಲ್ಲಿ ಬಹುಪಾಲು ತೊಂದರೆಗಳನ್ನು ತಪ್ಪಿಸಬಹುದು. ಈ ಬಗ್ಗೆ ಸಾರ್ವಜನಿಕರ ತಿಳಿವಳಿಕೆಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಮಾರಾಟವೇ, ಉಡುಗೊರೆಯೇ?

ವಿದೇಶದಲ್ಲಿರುವ ಮಗಳಿಗೆ ತಾಯಿ ತನ್ನ ಸೀರೆಯನ್ನು ಕಳುಹಿಸುವುದು ಉಡುಗೊರೆ. ಅದೇ ಸೀರೆಯನ್ನು ಹಣ ಪಡೆದು ಕಳುಹಿಸಿದರೆ ಅದು ರಫ್ತು. ವಸ್ತು ಒಂದೇ ಇದ್ದರೂ, ಮೊತ್ತ ಅಲ್ಪವೇ ಆಗಿದ್ದರೂ ಈ ವ್ಯತ್ಯಾಸ ಬದಲಾಗುವುದಿಲ್ಲ.

ವಿದೇಶಿ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1992ರ ಮೇರೆಗೆ ರಫ್ತು ಮಾಡುವವರು ಆಮದು-ರಫ್ತು ಸಂಕೇತ ಸಂಖ್ಯೆಯನ್ನು (ಐ.ಇ.ಸಿ.) ಹೊಂದಿರಬೇಕು. ವ್ಯಾಪಾರಕ್ಕೆ ಸಂಬಂಧಿಸದ, ಸ್ವಂತ ಬಳಕೆಯ ವಸ್ತುಗಳಿಗೆ ಇದರಿಂದ ವಿನಾಯಿತಿ ಇದೆ. ಈ ಸಂಕೇತವನ್ನು ವಿದೇಶಿ ವ್ಯಾಪಾರ ಮಹಾ ನಿರ್ದೇಶನಾಲಯವು ಆನ್‌ಲೈನ್ ಅರ್ಜಿಯ ಮೂಲಕ ನೀಡುತ್ತದೆ. ಅರ್ಜಿದಾರರ ಪಾನ್ ಸಂಖ್ಯೆಯೇ ಸಂಕೇತ ಸಂಖ್ಯೆಯಾಗಿರುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ವಿವರಗಳನ್ನು ಆನ್‌ಲೈನ್‌ನಲ್ಲಿ ದೃಢೀಕರಿಸತಕ್ಕದ್ದು. ತಪ್ಪಿದಲ್ಲಿ ಸಂಕೇತವು ನಿಷ್ಕ್ರಿಯಗೊಳ್ಳುತ್ತದೆ.

ಸುಂಕ ಉಳಿಸುವ ಸಲುವಾಗಿ ಪೊಟ್ಟಣದ ಮೇಲೆ “ಉಡುಗೊರೆ” ಎಂದು ಬರೆಯುವಂತೆ ಖರೀದಿದಾರರೇ ಕೋರುವುದುಂಟು. ಇದಕ್ಕೆ ಒಪ್ಪತಕ್ಕದ್ದಲ್ಲ. ಘೋಷಣಾ ಪತ್ರಕ್ಕೆ ಸಹಿ ಮಾಡುವವರು ಕಳುಹಿಸುವವರು. ಸುಳ್ಳು ಘೋಷಣೆಯ ಹೊಣೆಯೂ ಅವರದೇ. ಅಲ್ಲದೆ, ಉಡುಗೊರೆಯೆಂದು ನಮೂದಿಸಿದ ವಸ್ತುವಿಗೆ ವಿದೇಶದಿಂದ ಬಂದ ಹಣಕ್ಕೆ ಬ್ಯಾಂಕಿನಲ್ಲಿ ಲೆಕ್ಕ ಒಪ್ಪಿಸುವುದು ಕಷ್ಟವಾಗುತ್ತದೆ. ರಫ್ತಿನ ಹಣವು ಅಧಿಕೃತ ಬ್ಯಾಂಕಿನ ಮೂಲಕ, ಭಾರತೀಯ ರಿಸರ್ವ್ ಬ್ಯಾಂಕ್ ನಿಗದಿಪಡಿಸಿದ ಅವಧಿಯೊಳಗೆ ಬರಬೇಕು.

2. ವಸ್ತುವಿನ ವಯಸ್ಸು

ಈ ವಿಷಯದಲ್ಲಿ ಆಗುವ ತಪ್ಪು ಅತ್ಯಂತ ದುಬಾರಿಯಾದುದು. ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಅಧಿನಿಯಮ, 1972ರ ಪ್ರಕಾರ 100 ವರ್ಷಗಳಿಗೆ ಕಡಿಮೆಯಿಲ್ಲದಷ್ಟು ಕಾಲದಿಂದ ಅಸ್ತಿತ್ವದಲ್ಲಿರುವ ಶಿಲ್ಪ, ಚಿತ್ರ, ನಾಣ್ಯ, ಕರಕುಶಲ ವಸ್ತು ಹಾಗೂ ಐತಿಹಾಸಿಕ ಆಸಕ್ತಿಯ ಇತರ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಿಕ ಅಥವಾ ಕಲಾತ್ಮಕ ಮೌಲ್ಯವುಳ್ಳ ಹಸ್ತಪ್ರತಿ ಮತ್ತು ದಾಖಲೆಗಳಿಗೆ ಈ ಅವಧಿ 75 ವರ್ಷ ಮಾತ್ರ. ಹೀಗಾಗಿ ಮನೆಯ ಅಟ್ಟದಲ್ಲಿ ದೊರೆತ ತಾಳೆಗರಿಯ ಕಟ್ಟು, ಬಟ್ಟೆಯ ಕಡತ, ಅಜ್ಜನ ಕಾಲದ ಲೆಕ್ಕಪತ್ರಗಳೂ ಇದರ ವ್ಯಾಪ್ತಿಗೆ ಬರಬಹುದು.

ಪ್ರಾಚ್ಯವಸ್ತುಗಳನ್ನು ಖಾಸಗಿ ವ್ಯಕ್ತಿಗಳು ರಫ್ತು ಮಾಡುವಂತಿಲ್ಲ. ಉಲ್ಲಂಘಿಸಿದಲ್ಲಿ 6 ತಿಂಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಹಾಗೂ ಜುಲ್ಮಾನೆಗೆ ಅವಕಾಶವಿದೆ. “ವಸ್ತು ನಮ್ಮ ಮನೆಯದೇ” ಎಂಬುದು ಸಮರ್ಥನೆಯಾಗುವುದಿಲ್ಲ. ಮನೆತನದ ದೀಪಕ್ಕೆ ಮನೆಯವರು ಒಡೆಯರೇ ಆಗಿರುತ್ತಾರೆ. ಆದರೆ ದೇಶದ ಗಡಿ ದಾಟಿಸುವ ಹಕ್ಕು ಆ ಒಡೆತನದಲ್ಲಿ ಸೇರಿರುವುದಿಲ್ಲ.

ವಸ್ತುವು ಹಳೆಯದಾಗಿ ಕಂಡರೂ 100 ವರ್ಷ ತುಂಬಿರದ ಸಂದರ್ಭದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ “ಪ್ರಾಚ್ಯವಸ್ತುವಲ್ಲ” ಎಂಬ ಪ್ರಮಾಣಪತ್ರವನ್ನು ಪಡೆಯಬಹುದಾಗಿದೆ. ಅರ್ಜಿಯೊಂದಿಗೆ ಛಾಯಾಚಿತ್ರಗಳನ್ನು ಲಗತ್ತಿಸಬೇಕು. ತಜ್ಞರ ಪರಿಶೀಲನೆಗೆ ವಸ್ತುವನ್ನು ಹಾಜರುಪಡಿಸಬೇಕು. ಇದಕ್ಕೆ ಸಮಯ ಹಿಡಿಯುವುದರಿಂದ ಪ್ರಮಾಣಪತ್ರ ಕೈಸೇರುವ ಮುನ್ನ ಖರೀದಿದಾರರಿಂದ ಪೂರ್ಣ ಹಣ ಪಡೆಯದಿರುವುದು ಲೇಸು.

ಮಾರಾಟದ ಜಾಹೀರಾತಿನಲ್ಲಿ ಬೆಲೆ ಹೆಚ್ಚಿಸಲು “ನೂರೈವತ್ತು ವರ್ಷ ಹಳೆಯದು” ಎಂದು ಬರೆದು, ಸುಂಕ ಘೋಷಣೆಯಲ್ಲಿ “ಅಲಂಕಾರಿಕ ವಸ್ತು” ಎಂದು ನಮೂದಿಸುವ ಪ್ರವೃತ್ತಿ ಅಪಾಯಕಾರಿ. ಎರಡೂ ಬರಹಗಳು ಒಂದೇ ಕಡತದಲ್ಲಿ ಎದುರುಬದುರಾದಾಗ ಉತ್ತರಿಸಬೇಕಾದವರು ಮಾರಾಟಗಾರರೇ.

3. ವಸ್ತುವು ಯಾವುದರಿಂದ ತಯಾರಾಗಿದೆ?

(ಅ) ಆನೆದಂತ: ಮೈಸೂರಿನ ಹಳೆಯ ಬೀಟೆ ಮರದ ಕುಸುರಿ ವಸ್ತುಗಳಲ್ಲಿ ದಂತದ ತುಣುಕುಗಳನ್ನು ಕೂರಿಸುವ ಪದ್ಧತಿಯಿತ್ತು. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972 ಹಾಗೂ ಅದರ ತಿದ್ದುಪಡಿಗಳನ್ವಯ ದಂತದ ವ್ಯಾಪಾರ ಮತ್ತು ರಫ್ತು ನಿಷಿದ್ಧ. ಪೆಟ್ಟಿಗೆಯ ಮುಚ್ಚಳದ ಮೇಲಿನ ಚಿಕ್ಕ ಬಿಳಿಯ ಹೂವೂ ದಂತದ್ದಾಗಿರಬಹುದು. ಸಂಶಯವಿದ್ದಲ್ಲಿ ಮಾರಾಟಕ್ಕೆ ಇಡತಕ್ಕದ್ದಲ್ಲ. ನವಿಲುಗರಿ ಮತ್ತು ಅದರಿಂದ ತಯಾರಾದ ವಸ್ತುಗಳ ರಫ್ತಿಗೂ ನಿಷೇಧವಿದೆ.

(ಆ) ಬೀಟೆ ಮರ: ಬೀಟೆಯ ಜಾತಿಗೆ ಸೇರಿದ ಮರಗಳು 2017ರ ಜನವರಿಯಿಂದ ಸೈಟಿಸ್ ಅಂತರರಾಷ್ಟ್ರೀಯ ಒಡಂಬಡಿಕೆಯ ಎರಡನೆಯ ಅನುಬಂಧದಲ್ಲಿವೆ. ಸಿದ್ಧಗೊಂಡ ಸಂಗೀತ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ನೀಡಲಾಗಿದೆ. ಪೀಠೋಪಕರಣ ಮತ್ತಿತರ ವಸ್ತುಗಳಿಗೆ ತೂಕವನ್ನು ಅವಲಂಬಿಸಿ ಪ್ರಮಾಣಪತ್ರ ಬೇಕಾಗಬಹುದು.

(ಇ) ಬ್ಯಾಟರಿ: ಹಳೆಯ ಮೊಬೈಲ್, ಲ್ಯಾಪ್‌ಟಾಪ್, ಡಿಜಿಟಲ್ ಕ್ಯಾಮೆರಾಗಳ ಲಿಥಿಯಂ ಬ್ಯಾಟರಿಗಳು ವಿಮಾನ ಸಾಗಣೆಯಲ್ಲಿ ಅಪಾಯಕಾರಿ ಸರಕು ಎನಿಸುತ್ತವೆ. ಬಿಡಿ ಬ್ಯಾಟರಿಗಳನ್ನು ಅಂತರರಾಷ್ಟ್ರೀಯ ಅಂಚೆಯಲ್ಲಿ ಕಳುಹಿಸುವಂತಿಲ್ಲ.

(ಈ) ಕೆಟ್ಟುಹೋದ ಉಪಕರಣ: ಬಳಸಿದ ವಸ್ತು ಬೇರೆ, ತ್ಯಾಜ್ಯ ಬೇರೆ. 2025ರ ಜನವರಿ 1ರಿಂದ ಬಾಸೆಲ್ ಒಡಂಬಡಿಕೆಯ ಮೇರೆಗೆ ಎಲ್ಲ ಬಗೆಯ ವಿದ್ಯುನ್ಮಾನ ತ್ಯಾಜ್ಯದ ಸಾಗಣೆಗೂ ಆಮದು ದೇಶದ ಪೂರ್ವಾನುಮತಿ ಅಗತ್ಯ. ಉಪಕರಣವು ಕೆಲಸ ಮಾಡುವ ಸ್ಥಿತಿಯಲ್ಲಿದ್ದಲ್ಲಿ ಅದಕ್ಕೆ ಪುರಾವೆಯಾಗಿ ಪರೀಕ್ಷಾ ವಿವರವನ್ನು ಲಗತ್ತಿಸುವುದು ಸೂಕ್ತ.

4. ಘೋಷಣಾ ಪತ್ರ ಭರ್ತಿ ಮಾಡುವ ಬಗೆ

ಅಂಚೆ ಇಲಾಖೆಯು 2022ರಿಂದ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದಿದ್ದು, ಅವುಗಳ ಮೂಲಕ ಅಂಚೆ ರಫ್ತು ಪತ್ರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿ, ಲೇಬಲ್ ಮುದ್ರಿಸಿಕೊಂಡು ಪೊಟ್ಟಣವನ್ನು ಒಪ್ಪಿಸಬಹುದಾಗಿದೆ. ಸುಂಕ ತಪಾಸಣೆಗೆಂದು ದೂರದ ನಗರಕ್ಕೆ ಹೋಗುವ ಅಗತ್ಯವಿರುವುದಿಲ್ಲ.

ಪೊಟ್ಟಣದ ವಿವರಗಳು ವಿದ್ಯುನ್ಮಾನ ರೂಪದಲ್ಲಿ ಮುಂಚಿತವಾಗಿಯೇ ಖರೀದಿದಾರರ ದೇಶವನ್ನು ತಲುಪಬೇಕು. ಅಮೆರಿಕ ಸಂಯುಕ್ತ ಸಂಸ್ಥಾನ ಹಾಗೂ ಐರೋಪ್ಯ ಒಕ್ಕೂಟದಲ್ಲಿ 2021ರಿಂದ ಈ ವ್ಯವಸ್ಥೆ ಜಾರಿಯಲ್ಲಿದೆ. ಆದುದರಿಂದ “ಹಳೆಯ ಸಾಮಾನು”, “ಗೃಹೋಪಯೋಗಿ ವಸ್ತು” ಎಂಬ ಅಸ್ಪಷ್ಟ ನಮೂದುಗಳು ಪೊಟ್ಟಣವನ್ನು ಮಾರ್ಗಮಧ್ಯದಲ್ಲಿ ನಿಲ್ಲಿಸುತ್ತವೆ. “ಹಿತ್ತಾಳೆಯ ಎಣ್ಣೆ ದೀಪ, ಬಳಸಿದ್ದು, 1 ಸಂಖ್ಯೆ” ಎಂಬಂತೆ ಬರೆಯಬೇಕು.

ಪ್ರತಿ ವಸ್ತುವಿಗೂ ಸರಕು ವರ್ಗೀಕರಣ ಸಂಕೇತವನ್ನು (ಎಚ್.ಎಸ್. ಕೋಡ್) ನೀಡಬೇಕು. ಮುದ್ರಿತ ಪುಸ್ತಕಗಳು 4901ರಲ್ಲಿ, ತಂತಿ ವಾದ್ಯಗಳು 9202ರಲ್ಲಿ ಬರುತ್ತವೆ. 6309 ಎಂಬ ಬಳಸಿದ ಬಟ್ಟೆಗಳ ಶೀರ್ಷಿಕೆಯು ಮೂಟೆ ಕಟ್ಟಿ ಸಗಟಾಗಿ ಕಳುಹಿಸುವ ಬಟ್ಟೆಗಳಿಗೆ ಸಂಬಂಧಿಸಿದುದು. ಒಂದೆರಡು ಸೀರೆಗಳಿಗೆ ಅದನ್ನು ನಮೂದಿಸಬಾರದು.

ಮೌಲ್ಯದ ಅಂಕಣದಲ್ಲಿ ಖರೀದಿದಾರರು ವಾಸ್ತವವಾಗಿ ನೀಡಿದ ಬೆಲೆಯನ್ನೇ ಬರೆಯತಕ್ಕದ್ದು. ಕಡಿಮೆ ಮೌಲ್ಯ ಬರೆದ ಪೊಟ್ಟಣ ಕಳೆದುಹೋದಲ್ಲಿ, ನಷ್ಟದ ಮೊತ್ತ ಅದಕ್ಕಿಂತ ಹೆಚ್ಚೆಂದು ಸಾಧಿಸಲು ಕಳುಹಿಸಿದವರ ಸಹಿಯೇ ಅಡ್ಡಿಯಾಗುತ್ತದೆ.

5. ತೂಕ, ಗಾತ್ರ ಮತ್ತು ಪ್ಯಾಕಿಂಗ್

ಖಾಸಗಿ ಕೊರಿಯರ್‌ಗಳು ಸಾಮಾನ್ಯವಾಗಿ ನೈಜ ತೂಕ ಹಾಗೂ ಗಾತ್ರಾಧಾರಿತ ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ವಿಧಿಸುತ್ತವೆ. ಉದಾಹರಣೆಗೆ, 4 ಕೆ.ಜಿ. ತೂಕದ ದೀಪವನ್ನು 50 × 40 × 30 ಸೆಂ.ಮೀ. ಪೆಟ್ಟಿಗೆಯಲ್ಲಿ ಇರಿಸಿದರೆ, ಅಳತೆಗಳ ಗುಣಲಬ್ಧ 60,000. ಅದನ್ನು ರೂಢಿಯ ಭಾಜಕವಾದ 5,000ದಿಂದ ಭಾಗಿಸಿದಾಗ ಬರುವುದು 12. ಅಂದರೆ 4 ಕೆ.ಜಿ. ವಸ್ತುವಿಗೆ 12 ಕೆ.ಜಿ.ಯ ದರ ತೆರಬೇಕಾಗುತ್ತದೆ. ಆದ್ದರಿಂದ ಮೊದಲು ಪ್ಯಾಕಿಂಗ್ ಮಾಡಿ, ಅಳತೆ ಮತ್ತು ತೂಕ ನೋಡಿ, ಅನಂತರವಷ್ಟೇ ಖರೀದಿದಾರರಿಗೆ ಸಾಗಣೆ ವೆಚ್ಚವನ್ನು ತಿಳಿಸತಕ್ಕದ್ದು.

ಭತ್ತದ ಹುಲ್ಲು, ಹೊಟ್ಟು ಮುಂತಾದ ಸಸ್ಯಜನ್ಯ ವಸ್ತುಗಳನ್ನು ಒತ್ತಾಗಿ ತುಂಬಬಾರದು. ಆಸ್ಟ್ರೇಲಿಯದಂತಹ ದೇಶಗಳಲ್ಲಿ ಸಸ್ಯ ಸಂಪರ್ಕ ನಿಷೇಧ ತಪಾಸಣೆ ಕಟ್ಟುನಿಟ್ಟಾಗಿದ್ದು, ಇಂತಹ ಪೊಟ್ಟಣಗಳನ್ನು ತಡೆಹಿಡಿಯಲಾಗುತ್ತದೆ. ಭಾರವಾದ ವಸ್ತುಗಳಿಗೆ ಹಸಿ ಮರದ ಪೆಟ್ಟಿಗೆ ಬಳಸುವಾಗ ಉಷ್ಣ ಸಂಸ್ಕರಣೆಯ ಅಂತರರಾಷ್ಟ್ರೀಯ ಮುದ್ರೆ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.

6. ಖರೀದಿದಾರರ ದೇಶದ ಸುಂಕ

ಅಲ್ಪ ಮೌಲ್ಯದ ವಸ್ತುಗಳಿಗೆ ಸುಂಕವಿಲ್ಲ ಎಂಬ ಹಳೆಯ ಮಾಹಿತಿಯನ್ನು ನಂಬಿ ತೊಂದರೆಗೊಳಗಾಗುವ ಸಂಭವ ಹೆಚ್ಚು. ಆಸ್ಟ್ರೇಲಿಯವು 2018ರ ಜುಲೈನಿಂದ ಅಲ್ಪ ಮೌಲ್ಯದ ಆಮದುಗಳನ್ನೂ ತೆರಿಗೆ ವ್ಯಾಪ್ತಿಗೆ ತಂದಿದೆ. ಐರೋಪ್ಯ ಒಕ್ಕೂಟವು 22 ಯೂರೋಗಳವರೆಗಿದ್ದ ಮೌಲ್ಯವರ್ಧಿತ ತೆರಿಗೆ ವಿನಾಯಿತಿಯನ್ನು 2021ರ ಜುಲೈನಲ್ಲಿ ರದ್ದುಪಡಿಸಿದೆ. ಅಮೆರಿಕವು 800 ಡಾಲರ್‌ಗಳವರೆಗಿದ್ದ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಹಿಂಪಡೆದಿದೆ.

ಈ ಕೊನೆಯ ಬದಲಾವಣೆಯ ಸಂದರ್ಭದಲ್ಲಿ ಭಾರತೀಯ ಅಂಚೆಯು ಅಮೆರಿಕಕ್ಕೆ ಸರಕುಗಳ ಬುಕಿಂಗ್ ಅನ್ನು 2025ರ ಆಗಸ್ಟ್ 25ರಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಅಕ್ಟೋಬರ್ 15ರಿಂದ ಪುನರಾರಂಭಿಸಿತು. ಹಣ ಪಡೆದು ವಸ್ತುವನ್ನು ಇನ್ನೂ ಕಳುಹಿಸದೆ ಇದ್ದವರ ಪಾಲಿಗೆ ಇದು ಏಳು ವಾರಗಳಿಗೂ ಮೀರಿದ ಕಾಯುವಿಕೆ. ಆದುದರಿಂದ ಸೇವೆ ಲಭ್ಯವಿದೆಯೇ, ಸುಂಕವನ್ನು ಬುಕಿಂಗ್ ಸಮಯದಲ್ಲೇ ತೆರಬೇಕೇ ಅಥವಾ ಖರೀದಿದಾರರು ತೆರಬೇಕೇ ಎಂಬುದನ್ನು ಕಳುಹಿಸುವ ದಿನದಂದೇ ಅಂಚೆ ಕಚೇರಿಯಲ್ಲಿ ದೃಢಪಡಿಸಿಕೊಳ್ಳಬೇಕು. ಯಾರು ತೆರಬೇಕೆಂಬ ಒಪ್ಪಂದ ಲಿಖಿತವಾಗಿರಲಿ.

7. ವಸ್ತು ಹಿಂದಿರುಗಿ ಬಂದಲ್ಲಿ

ಖರೀದಿದಾರರು ಸುಂಕ ತೆರಲು ನಿರಾಕರಿಸಿದಾಗ ಅಥವಾ “ತಿಳಿಸಿದಂತೆ ಇಲ್ಲ” ಎಂದು ತಕರಾರು ಮಾಡಿದಾಗ ಪೊಟ್ಟಣ ಮರಳಿ ಬರಬಹುದು. ಭಾರತದಿಂದ ಹೋದ ವಸ್ತುವಾದರೂ ಮರಳುವಾಗ ಅದು ಆಮದು ಸರಕೇ. ಅದೇ ವಸ್ತುವೆಂದು ರಫ್ತು ದಾಖಲೆಗಳಿಂದ ಸಾಬೀತುಪಡಿಸಿದಲ್ಲಿ ಷರತ್ತುಗಳಿಗೊಳಪಟ್ಟು ಸುಂಕ ವಿನಾಯಿತಿ ದೊರೆಯುತ್ತದೆ. ದಾಖಲೆಯಿಲ್ಲದವರು ತಮ್ಮದೇ ಮನೆಯ ದೀಪಕ್ಕೆ ತಾವೇ ಆಮದು ಸುಂಕ ತೆರಬೇಕಾದ ಪರಿಸ್ಥಿತಿ ಉಂಟಾಗಬಹುದು. ಉಡುಗೊರೆಯೆಂದು ಸುಳ್ಳು ಬರೆದವರ ನಷ್ಟ ಪೂರ್ಣವಾಗುವುದು ಇಲ್ಲಿಯೇ: ಮಾರಾಟದ ಹಣ ಮರಳಿಸಬೇಕು, ಸಾಗಣೆ ವೆಚ್ಚ ಹೋಗಿರುತ್ತದೆ, ವಸ್ತು ಬಿಡಿಸಿಕೊಳ್ಳಲು ಆಧಾರವಿರುವುದಿಲ್ಲ.

ಬಳಸಿದ ವಸ್ತುವಿನಲ್ಲಿ ನಗ್ಗು, ಬಿರುಕು, ಕಲೆಗಳಿರುವುದು ಸಹಜ. ಪ್ರತಿಯೊಂದರ ಛಾಯಾಚಿತ್ರವನ್ನು ದಿನಾಂಕ ಸಹಿತ ಖರೀದಿದಾರರಿಗೆ ಮುಂಚೆಯೇ ಕಳುಹಿಸಿ, ಒಪ್ಪಿಗೆ ಪಡೆದಿರಬೇಕು.

8. ಕಳುಹಿಸುವ ಮುನ್ನ ಪರಿಶೀಲನಾ ಪಟ್ಟಿ

(1) ಆಮದು-ರಫ್ತು ಸಂಕೇತ ಚಾಲ್ತಿಯಲ್ಲಿದೆಯೇ?
(2) ವಸ್ತುವಿನ ವಯಸ್ಸಿನ ಬಗ್ಗೆ ಸಂಶಯವಿದ್ದಲ್ಲಿ ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆಯಲಾಗಿದೆಯೇ?
(3) ದಂತ, ಬೀಟೆ ಮರ, ಬ್ಯಾಟರಿ ಮುಂತಾದವುಗಳನ್ನು ಪರಿಶೀಲಿಸಲಾಗಿದೆಯೇ?
(4) ಬೆಲೆಪಟ್ಟಿ, ಘೋಷಣಾ ಪತ್ರ ಮತ್ತು ಬ್ಯಾಂಕಿಗೆ ಬಂದ ಮೊತ್ತ ಒಂದಕ್ಕೊಂದು ತಾಳೆಯಾಗುತ್ತವೆಯೇ?
(5) ಪ್ಯಾಕಿಂಗ್ ನಂತರದ ತೂಕ ಹಾಗೂ ಅಳತೆ ದಾಖಲಾಗಿದೆಯೇ?
(6) ಗಮ್ಯ ದೇಶದ ಸುಂಕದ ಹೊಣೆ ಲಿಖಿತವಾಗಿ ನಿರ್ಧಾರವಾಗಿದೆಯೇ?
(7) ಅಂಚೆ ರಸೀದಿ, ರಫ್ತು ಪತ್ರದ ಪ್ರತಿ ಹಾಗೂ ಛಾಯಾಚಿತ್ರಗಳನ್ನು ಜೋಪಾನವಾಗಿ ಇರಿಸಲಾಗಿದೆಯೇ?

ಸೂಚನೆ: ನಿಯಮಿತವಾಗಿ ಹಳೆಯ ವಸ್ತುಗಳ ವ್ಯಾಪಾರ ನಡೆಸುವವರಿಗೆ ಸರಕು ಮತ್ತು ಸೇವಾ ತೆರಿಗೆಯ ಉಪಬಂಧಗಳೂ ಅನ್ವಯಿಸುತ್ತವೆ. ರಫ್ತಿಗೆ ಸಂಬಂಧಿಸಿದ ಪ್ರಾಥಮಿಕ ಮಾರ್ಗದರ್ಶನಕ್ಕಾಗಿ ಆಯಾ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ. ಪೊಟ್ಟಣವನ್ನು ತಡೆಹಿಡಿದಲ್ಲಿ ಸಾರ್ವಜನಿಕರು ಮಧ್ಯವರ್ತಿಗಳ ಮೊರೆ ಹೋಗದೆ, ತಡೆಗೆ ಕಾರಣವನ್ನು ಲಿಖಿತವಾಗಿ ಕೋರಿ, ಮೇಲ್ಕಂಡ ದಾಖಲೆಗಳೊಂದಿಗೆ ನೇರವಾಗಿ ಉತ್ತರ ಸಲ್ಲಿಸತಕ್ಕದ್ದು.