ಘಟ್ಟದ ಮಳೆಯಲ್ಲಿ ಹೊಸ ಕಾರು

ತೀರ್ಥಹಳ್ಳಿಯ ಕಡೆಯ ಜನರು ಉಡುಪಿ, ಮಣಿಪಾಲಗಳಿಗೆ ಹೋಗುವಾಗ ಸಾಮಾನ್ಯವಾಗಿ ಆಗುಂಬೆಯ ಘಟ್ಟವನ್ನು ಇಳಿಯುತ್ತಾರೆ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವ ಆಗುಂಬೆಯಿಂದ ಬುಡದ ಸೋಮೇಶ್ವರದವರೆಗೆ ರಸ್ತೆಯು 14 ಹೇರ್‌ಪಿನ್ ತಿರುವುಗಳಲ್ಲಿ ಬಳುಕುತ್ತ ಸಾಗುತ್ತದೆ. ಒಂದು ಬದಿಗೆ ಬಂಡೆಯ ಗೋಡೆ, ಇನ್ನೊಂದು ಬದಿಗೆ ಕಣಿವೆ. ವರ್ಷಕ್ಕೆ ಸುಮಾರು 7000 ಮಿಲಿಮೀಟರುಗಳಷ್ಟು ಮಳೆ ಸುರಿಯುವ ಈ ಊರನ್ನು ದಕ್ಷಿಣದ ಚಿರಾಪುಂಜಿ ಎಂದು ಕರೆಯುವುದು ವಾಡಿಕೆ.

ಜುಲೈ ತಿಂಗಳ ಒಂದು ಬೆಳಗ್ಗೆ ಈ ಘಟ್ಟವನ್ನು ಇಳಿಯುತ್ತಿರುವ ಚಾಲಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಆತನಿಗೆ ಇಪ್ಪತ್ತು ವರ್ಷಗಳ ಅನುಭವವಿದೆ. ಈ ದಾರಿಯ ಒಂದೊಂದು ತಿರುವೂ ಪರಿಚಿತ. ಹಿಂದಿನ ಆಸನದಲ್ಲಿ ಹೃದ್ರೋಗದಿಂದ ನರಳುತ್ತಿರುವ ವೃದ್ಧ ತಾಯಿ. ಆಸ್ಪತ್ರೆಯಲ್ಲಿ ವೈದ್ಯರು ಹನ್ನೊಂದು ಗಂಟೆಗೆ ಬರಹೇಳಿದ್ದಾರೆ. ಎಲ್ಲವೂ ಹಳೆಯದೇ, ಕಾರೊಂದನ್ನು ಬಿಟ್ಟು. ಅದು ಮನೆಗೆ ಬಂದು ಮೂರು ದಿನಗಳಾಗಿವೆ.

ನಾಲ್ಕನೆಯ ತಿರುವಿನಲ್ಲಿ ಎದುರಿನಿಂದ ಬಸ್ಸೊಂದು ಏರಿ ಬರುತ್ತದೆ. ಘಟ್ಟದಲ್ಲಿ ಏರುವ ವಾಹನಕ್ಕೆ ಇಳಿಯುವ ವಾಹನವು ದಾರಿ ಬಿಡಬೇಕೆಂಬುದು ನಿಯಮ. ಎಡಕ್ಕೆ ಸರಿಯುವೆನೆಂದು ಹಿಂದಿನವರಿಗೆ ಸೂಚಿಸಲು ಆತನ ಬಲಗೈ ತಾನಾಗಿಯೇ ಸ್ಟಿಯರಿಂಗ್ ಚಕ್ರದ ಬಲಬದಿಯ ಹಿಡಿಕೆಯನ್ನು ಮೇಲಕ್ಕೆ ತಳ್ಳುತ್ತದೆ. ಇಂಡಿಕೇಟರ್ ಹೊತ್ತಲಿಲ್ಲ, ಬದಲಿಗೆ ವೈಪರ್ ನಿಂತುಹೋಯಿತು! ಕ್ಷಣಮಾತ್ರದಲ್ಲಿ ಮುಂಗಾಜಿನ ಮೇಲೆ ನೀರು ಪರದೆಯಂತೆ ಇಳಿಯಿತು. ತಪ್ಪನ್ನು ತಿಳಿದು ತಿದ್ದಿಕೊಳ್ಳಲು ಎರಡು ಸೆಕೆಂಡುಗಳು ಹಿಡಿದುವು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನವು ಎರಡು ಸೆಕೆಂಡುಗಳಲ್ಲಿ 11 ಮೀಟರ್ ದೂರ ಹೋಗುತ್ತದೆ. ಆ ಹನ್ನೊಂದು ಮೀಟರುಗಳನ್ನು ಆತನು ಕುರುಡನಂತೆ ಕ್ರಮಿಸಿದ್ದನು.

ಇದು ಅಜ್ಞಾನದಿಂದಾದ ತಪ್ಪಲ್ಲ, ಅಭ್ಯಾಸದಿಂದಾದುದು. ನಮ್ಮ ದೇಶದಲ್ಲಿ ಓಡುವ ಹಲವು ಕಾರುಗಳಲ್ಲಿ ಇಂಡಿಕೇಟರಿನ ಹಿಡಿಕೆ ಬಲಕ್ಕೂ ವೈಪರಿನದು ಎಡಕ್ಕೂ ಇರುತ್ತವೆ. ಯುರೋಪಿನ ರೀತಿಯಲ್ಲಿ ರೂಪಿಸಿದ ಕಾರುಗಳಲ್ಲಿ ಇದು ತಿರುವುಮುರುವು. ಅಲ್ಲಿ ಬಹುಪಾಲು ದೇಶಗಳಲ್ಲಿ ಚಾಲಕನು ಎಡಗಡೆ ಕುಳಿತು ಬಲಗೈಯಿಂದ ಗೇರು ಬದಲಿಸುತ್ತಾನೆ. ಎಡಗೈ ಇಂಡಿಕೇಟರಿಗೆ ಬಿಡುವಾಗಿರುತ್ತದೆ. ಅದೇ ಕಾರನ್ನು ನಮ್ಮಂತೆ ಬಲಗಡೆ ಕುಳಿತು ಓಡಿಸುವವರಿಗಾಗಿ ತಯಾರಿಸುವಾಗ ಚಕ್ರವನ್ನು ಸ್ಥಳಾಂತರಿಸಿದರೂ ಹಿಡಿಕೆಗಳನ್ನು ಇದ್ದಂತೆಯೇ ಉಳಿಸುವುದುಂಟು. ಆಗ ಗೇರು, ಇಂಡಿಕೇಟರ್ ಎರಡೂ ಎಡಗೈಯ ಪಾಲಿಗೆ ಬೀಳುತ್ತವೆ. ಒಂದು ಕೈಗೆ ಎರಡು ಕೆಲಸ, ಇನ್ನೊಂದಕ್ಕೆ ವಿರಾಮ! ತಯಾರಕರಿಗೆ ಇದರಿಂದ ಅನುಕೂಲವಾಗಿರಬಹುದು, ಚಾಲಕನಿಗಂತೂ ಅಲ್ಲ.

ಕೈ ಕಲಿತದ್ದನ್ನು ಮನಸ್ಸು ಸುಲಭವಾಗಿ ಅಳಿಸಲಾರದು. ಹೊಸಬನು ಪ್ರತಿಯೊಂದು ಚಲನೆಯನ್ನೂ ಯೋಚಿಸಿ ಮಾಡುತ್ತಾನೆ. ನುರಿತವನ ಕೈಕಾಲುಗಳು ಯೋಚನೆಗೆ ಕಾಯುವುದಿಲ್ಲ. ಬಿಸಿಲಿನ ದಿನ ಬಯಲು ರಸ್ತೆಯಲ್ಲಿ ಮನಸ್ಸಿಗೆ ಬಿಡುವಿರುವುದರಿಂದ ಹೊಸ ಹಿಡಿಕೆ ಎಲ್ಲಿದೆಯೆಂಬುದು ನೆನಪಿರುತ್ತದೆ. ಮಳೆ, ಮಂಜು, ತಿರುವು, ಎದುರಿನ ಬಸ್ಸು ಎಲ್ಲವೂ ಒಮ್ಮೆಲೇ ಎದುರಾದಾಗ ಮನಸ್ಸು ಅವುಗಳಲ್ಲಿ ತೊಡಗಿ, ಕೈ ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಆದ್ದರಿಂದ ಹೊಸ ಕಾರಿನ ಮೊದಲ ಪಾಠವನ್ನು ಮನೆಯಂಗಳದಲ್ಲಿ, ಎಂಜಿನನ್ನು ಚಾಲೂ ಮಾಡದೆಯೇ, ಕಲಿಯುವುದು ಲೇಸು. ಕಣ್ಣು ಮುಚ್ಚಿಕೊಂಡು ವೈಪರ್, ದೀಪ, ಹಾರನ್ನುಗಳನ್ನು ಬೆರಳಿನಿಂದ ಹುಡುಕಿ ಮುಟ್ಟುವಷ್ಟು ಅಭ್ಯಾಸವಾಗಬೇಕು. ನೆರೆಯವರು ನಕ್ಕರೆ ನಗಲಿ.

ನಮ್ಮ ಚಾಲಕನಿಗೆ ಎರಡನೆಯ ತೊಡಕು ಒಳಗಿನಿಂದಲೇ ಬಂದಿತು. ಕಿಟಕಿಗಳನ್ನೆಲ್ಲ ಮುಚ್ಚಿದ್ದುದರಿಂದ ಗಾಜಿನ ಒಳಮೈ ಮಸುಕಾಯಿತು. ಉಸಿರಿನಲ್ಲಿಯೂ ಒದ್ದೆ ಬಟ್ಟೆಗಳಲ್ಲಿಯೂ ಇರುವ ತೇವವು ಆವಿಯಾಗಿ, ಮಳೆಯಿಂದ ತಣ್ಣಗಾದ ಗಾಜನ್ನು ತಾಕಿ ಸಣ್ಣ ಹನಿಗಳಾಗುವುದೇ ಇದಕ್ಕೆ ಕಾರಣ. ಹಳೆಯ ಕಾರಿನಲ್ಲಿ ಆತನು ಬಟ್ಟೆಯಿಂದ ಒರೆಸುತ್ತ, ಕಿಟಕಿಯನ್ನು ಬೆರಳಷ್ಟು ಇಳಿಸುತ್ತ ಕಾಲ ಹಾಕಿದ್ದನು. ಹೊಸ ಕಾರಿನಲ್ಲಿ ಹವಾನಿಯಂತ್ರಣವಿದೆ. ಆದರೆ ಚಳಿಯಲ್ಲಿ ಅದೇಕೆಂದು ಆತನು ಅದನ್ನು ನಿಲ್ಲಿಸಿದ್ದನು! ಈ ಯಂತ್ರವು ಗಾಳಿಯನ್ನು ತಂಪಾಗಿಸುವುದಷ್ಟೇ ಅಲ್ಲ, ಒಣಗಿಸುತ್ತದೆ ಕೂಡ. ಅದರೊಳಗಿನ ತಣ್ಣನೆಯ ಸುರುಳಿಯ ಮೇಲೆ ಗಾಳಿಯ ತೇವವು ನೀರಾಗಿ, ಕಾರಿನ ಅಡಿಯಲ್ಲಿ ತೊಟ್ಟಿಕ್ಕುತ್ತದೆ. ಒಣಗಿದ ಗಾಳಿಯನ್ನು ಬೇಕಾದಷ್ಟು ಬೆಚ್ಚಗೆ ಮಾಡಿ ಮುಂಗಾಜಿನ ಕಡೆಗೆ ಹರಿಸಿದರೆ, ಮತ್ತು ಒಳಗಿನ ಗಾಳಿಯನ್ನೇ ಸುತ್ತಿಸದೆ ಹೊರಗಿನ ಗಾಳಿಯನ್ನು ಒಳಕ್ಕೆ ಬಿಟ್ಟುಕೊಂಡರೆ, ಮಸುಕು ಬೇಗನೆ ಕರಗುತ್ತದೆ.

ಇನ್ನು ಬ್ರೇಕಿನ ವಿಷಯ. ಪ್ರಾಣಕ್ಕೆ ಸಂಬಂಧಿಸಿದ ವಿಷಯವೇ ಇದು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕು ಹಿಡಿದ ಮೇಲೆ ಸುಮಾರು 20 ಮೀಟರುಗಳಲ್ಲಿ ನಿಂತರೆ, ಒದ್ದೆ ರಸ್ತೆಯಲ್ಲಿ 35 ಮೀಟರುಗಳಷ್ಟು ಬೇಕಾಗಬಹುದು. ಘರ್ಷಣೆ ಕಡಿಮೆಯಾಗುವುದೇ ಇದಕ್ಕೆ ಕಾರಣ. ಚಾಲಕನು ಅಪಾಯವನ್ನು ಕಂಡು ಪಾದವನ್ನು ಒತ್ತುವಷ್ಟರಲ್ಲಿ ಕಳೆಯುವ ಸುಮಾರು ಒಂದು ಸೆಕೆಂಡಿನ ದೂರ, ಎಂದರೆ ಮತ್ತೆ 16 ಮೀಟರುಗಳಿಗೂ ಹೆಚ್ಚು, ಈ ಲೆಕ್ಕದಲ್ಲಿ ಸೇರಿಲ್ಲ. ವೇಗವು ಅರ್ಧವಾದರೆ ಬ್ರೇಕಿನ ದೂರವು ಕಾಲು ಭಾಗಕ್ಕೆ ಇಳಿಯುತ್ತದೆ. ಮಳೆಯಲ್ಲಿ ನಿಧಾನವಾಗಿ ಹೋಗಿರೆಂದು ಹಿರಿಯರು ಹೇಳುವ ಮಾತಿನ ಹಿಂದೆ ಈ ಗಣಿತವಿದೆ.

ಹಿಂದೆ ಚಾಲಕರಿಗೆ ಕಲಿಸುತ್ತಿದ್ದ ಪಾಠವೊಂದಿತ್ತು: ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಒಮ್ಮೆಗೇ ಒತ್ತಿ ಹಿಡಿಯದೆ, ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಕು. ಚಕ್ರಗಳು ಉರುಳುವುದನ್ನು ನಿಲ್ಲಿಸಿ ಜಾರತೊಡಗಿದರೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ತಿರುಗದು. ಈಗಿನ ಕಾರುಗಳಲ್ಲಿ ಆ ಕೆಲಸವನ್ನು ಎಬಿಎಸ್ ಎಂಬ ವ್ಯವಸ್ಥೆ ಮಾಡುತ್ತದೆ. ಭಾರತದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಇದು ಕಡ್ಡಾಯವಾಗಿದೆ. ಪ್ರತಿ ಚಕ್ರದ ವೇಗವನ್ನು ಅಳೆಯುತ್ತ, ನಿಲ್ಲುವ ಸೂಚನೆ ಕಂಡ ಚಕ್ರದ ಬ್ರೇಕನ್ನು ಅದು ಸೆಕೆಂಡಿಗೆ ಹಲವು ಬಾರಿ ಸಡಿಲಿಸಿ ಬಿಗಿಗೊಳಿಸುತ್ತದೆ. ಆಗ ಪಾದದ ಕೆಳಗೆ ಬ್ರೇಕು ಗಡಗಡನೆ ನಡುಗುತ್ತದೆ. ಇದನ್ನು ಅರಿಯದವನು ಏನೋ ಮುರಿಯಿತೆಂದು ಹೆದರಿ ಪಾದವನ್ನು ಎತ್ತಿಬಿಡುತ್ತಾನೆ! ಮಾಡಬೇಕಾದುದು ಅದಕ್ಕೆ ವಿರುದ್ಧ: ನಡುಗಿದರೂ ಒತ್ತಿಯೇ ಹಿಡಿದು, ಸ್ಟಿಯರಿಂಗನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಬೇಕು. ಆದರೆ ಎಬಿಎಸ್ ರಸ್ತೆಯನ್ನು ಒಣಗಿಸುವುದಿಲ್ಲ, ಸವೆದ ಟೈರಿಗೆ ಹಲ್ಲು ಮೂಡಿಸುವುದೂ ಇಲ್ಲ.

ಟೈರಿನ ಗೀರುಗಳಿರುವುದು ನೀರನ್ನು ಪಕ್ಕಕ್ಕೆ ಹರಿಸುವುದಕ್ಕಾಗಿ. ವೇಗ ಹೆಚ್ಚಾಗಿ ಗೀರುಗಳಿಗೆ ಪುರುಸೊತ್ತು ಸಿಗದಿದ್ದರೆ ಟೈರು ನೀರಿನ ಮೇಲೆಯೇ ತೇಲುತ್ತದೆ. ಸ್ಟಿಯರಿಂಗ್ ಹಠಾತ್ತನೆ ಹಗುರವಾದಂತೆ ತೋರುತ್ತದೆ. ಆಗ ಬ್ರೇಕು ಒತ್ತದೆ, ಚಕ್ರವನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆಯಬೇಕು. ಮಂಜಿನಲ್ಲಿ ದೀಪವನ್ನು ದೂರಕ್ಕೆ ಹಾಯಿಸಿದರೆ ಬೆಳಕು ಮಂಜಿನ ಹನಿಗಳಿಗೆ ತಾಗಿ ಚಾಲಕನ ಕಣ್ಣಿಗೇ ಮರಳುತ್ತದೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರುಗಳನ್ನು ಮಿನುಗಿಸುವ ಚಟ ಈಚೆಗೆ ಹಬ್ಬಿದೆ. ಅಂಥವನು ಎತ್ತ ತಿರುಗುವನೆಂಬುದು ಹಿಂದಿನವರಿಗೆ ತಿಳಿಯುವುದೇ ಇಲ್ಲ.

ನಮ್ಮ ಚಾಲಕನು ಎರಡನೆಯ ಗೇರಿನಲ್ಲಿ, ಎಂಜಿನಿನ ತಡೆಯ ಬಲದಿಂದಲೇ ಉಳಿದ ತಿರುವುಗಳನ್ನು ಇಳಿದು ಸೋಮೇಶ್ವರವನ್ನು ತಲುಪಿದನು. ವೈದ್ಯರು ಹೇಳಿದ ಹೊತ್ತಿಗೆ ಇಪ್ಪತ್ತು ನಿಮಿಷ ತಡವಾಯಿತು. ತಾಯಿ ದಾರಿಯುದ್ದಕ್ಕೂ ನಿದ್ದೆ ಮಾಡಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಆತನ ಕೈ ಹೊಸ ಹಿಡಿಕೆಗಳಿಗೆ ಒಗ್ಗಿತು. ಒಂದು ದಿನ ಹಳೆಯ ಕಾರನ್ನು ಕೊಂಡಿದ್ದ ಭಾವನ ಮನೆಗೆ ಹೋದವನು, ಏನೋ ಕೆಲಸಕ್ಕೆಂದು ಅದನ್ನು ಹೊರತೆಗೆದು ಗೇಟಿನ ಬಳಿ ಬಲಕ್ಕೆ ತಿರುಗಲು ಎಡಗೈಯಿಂದ ಸೂಚನೆ ಕೊಟ್ಟನು. ಒಣ ಗಾಜಿನ ಮೇಲೆ ವೈಪರ್ ಕಿರುಗುಟ್ಟಿತು.