ಕೂಣಿ

ಶಂಕರಘಟ್ಟವು ಭದ್ರಾವತಿ ತಾಲ್ಲೂಕಿನಲ್ಲಿ, ಭದ್ರಾ ಜಲಾಶಯದ ಸಮೀಪದಲ್ಲಿರುವ ಊರು. ಮುಂಗಾರಿನ ಮೊದಲ ಮಳೆಗೆ ಹಳ್ಳಗಳು ತುಂಬಿದಾಗ ಮೀನುಗಳು ಮೊಟ್ಟೆಯಿಡಲು ನೀರಿನ ಸೆಳೆತಕ್ಕೆ ಎದುರಾಗಿ ಮೇಲೇರುತ್ತವೆ. ಮಲೆನಾಡಿಗರು ಇವನ್ನು ‘ಹತ್ತುಮೀನು’ ಎನ್ನುವರು.

ಇವನ್ನು ಹಿಡಿಯುವ ಸಾಧನಗಳಲ್ಲಿ ಕೂಣಿಯೂ ಒಂದು. ಬಿದಿರಿನ ಸೀಳುಗಳಿಂದ ಹೆಣೆದ ಈ ಬುಟ್ಟಿಯ ಬಾಯಿಯಲ್ಲಿ ಕಡ್ಡಿಗಳು ಒಳಮುಖವಾಗಿ ಬಾಗಿರುತ್ತವೆ. ಒಳಹೊಕ್ಕ ಮೀನು ಹಿಂದಿರುಗಲಾರದು. ಜಪಾನಿನ ‘ಉಕೆ’ ಎಂಬ ಬಿದಿರಿನ ಬುಟ್ಟಿಯ ತತ್ತ್ವವೂ ಇದೇ.

ಈ ವಿದ್ಯೆಯನ್ನು ನನಗೆ ಕಲಿಸಿದ ಊರಿನ ಗೆಳೆಯನು ಕೂಣಿಯ ಬಾಯಿಯನ್ನು ಇಳಿನೀರಿನ ಕಡೆಗೆ ತಿರುಗಿಸಿ, ಹಳ್ಳದ ಒಂದು ಬದಿಗೆ ಮಾತ್ರ ಇಟ್ಟನು.

“ಹಳ್ಳವನ್ನೆಲ್ಲ ಏಕೆ ಕಟ್ಟಲಿಲ್ಲ?” ಎಂದೆನು.

“ಇವು ಮೊಟ್ಟೆ ಹೊತ್ತ ಮೀನುಗಳಯ್ಯಾ. ಎಲ್ಲವನ್ನೂ ಹಿಡಿದರೆ ಬರುವ ವರ್ಷ ಕೂಣಿಗೆ ಬೀಳುವುದೇನು?” ಎಂದನು.

ದಾರಿಯನ್ನು ಮುಚ್ಚದೆ ಉಳಿಸುವುದೂ ಈ ವಿದ್ಯೆಯ ಭಾಗವೆಂದು ಅಂದು ತಿಳಿಯಿತು.