ತೇರಿನ ಎತ್ತರ, ಮಲ್ಲಿಗೆ ತೋಟದ ಅಗಲ

ಮಾಘ ಮಾಸ ಬಂತೆಂದರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕ, ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರು. ಅವು ಮುಗಿದ ಬೆನ್ನಿಗೇ ಎಸ್ಸೆಸ್ಸೆಲ್ಸಿ ಪರೀಕ್ಷೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯ ಮಕ್ಕಳಿಗೆ ಜಾತ್ರೆಯ ಮಂಡಕ್ಕಿ-ಮಿರ್ಚಿಯ ರುಚಿ ಆರುವ ಮೊದಲೇ ಗಣಿತದ ಚಿಂತೆ. 2021ರಲ್ಲಿ ಈ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಜಿಲ್ಲೆ ಬದಲಾಯಿತು, ಚಿಂತೆ ಬದಲಾಗಲಿಲ್ಲ. ಮಳೆಯನ್ನೇ ನಂಬಿದ, ಗುಳೆ ಹೋಗುವ ಮನೆಗಳಿರುವ ಸೀಮೆಯಿದು. ಗಣಿತವೊಂದರಲ್ಲಿ ಎಡವಿದರೆ ಎಷ್ಟೋ ಹುಡುಗಿಯರ ಓದು ಅಲ್ಲಿಗೇ ನಿಂತುಬಿಡಬಹುದು.

ಹಾಗಾದರೆ ಗಣಿತ ಕಬ್ಬಿಣದ ಕಡಲೆಯೇ? ಅನೇಕ ಮಕ್ಕಳಿಗೆ ಸೂತ್ರಗಳೆಲ್ಲ ಬಾಯಿಪಾಠ. ಚಿತ್ರ ಬರೆಯದೆ ಸೂತ್ರಕ್ಕೆ ಕೈಹಾಕುವುದೇ ತೊಡಕು.

(ಅ+ಬ)² ಎಂದರೆ ಅ²+ಬ² ಎಂದು ಬರೆಯುವವರುಂಟು. ಅ 3, ಬ 2 ಇರಲಿ. 5ರ ವರ್ಗ 25. ಆದರೆ 9 ಮತ್ತು 4 ಕೂಡಿದರೆ 13. ಉಳಿದ 12 ಎಲ್ಲಿ ಹೋಯಿತು? ಐದು ಮಾರು ಉದ್ದಗಲದ ಚೌಕ ಹೊಲ ಬರೆದು, ಎರಡು ಬದಿಯನ್ನೂ 3 ಮತ್ತು 2 ಆಗಿ ಸೀಳಿ ನೋಡಿ. ಎರಡು ಚೌಕಗಳ ಜತೆಗೆ 3×2ರ ಎರಡು ಪಟ್ಟಿಗಳು ಕಾಣುತ್ತವೆ. ಅದೇ 2ಅಬ.

ಇನ್ನು ವರ್ಗ ಸಮೀಕರಣ. ಹಡಗಲಿಯ ಮಲ್ಲಿಗೆ ತೋಟವೊಂದರ ಉದ್ದ ಅಗಲಕ್ಕಿಂತ 10 ಮೀಟರ್ ಹೆಚ್ಚು, ವಿಸ್ತೀರ್ಣ 600 ಚದರ ಮೀಟರ್ ಎನ್ನೋಣ. ಅಗಲ 'ಅ' ಆದರೆ ಅ²+10ಅ−600=0. ಅಪವರ್ತಿಸಿದರೆ (ಅ+30)(ಅ−20)=0. ಉತ್ತರ ಎರಡು: −30 ಮತ್ತು 20. ಅಗಲ ಋಣವಾಗಿರುವ ತೋಟ ಯಾವ ಊರಲ್ಲೂ ಇಲ್ಲ. ಆದ್ದರಿಂದ ಅಗಲ 20, ಉದ್ದ 30 ಮೀಟರ್. ಲೆಕ್ಕ ಮುಗಿದ ಮೇಲೆ ಉತ್ತರವನ್ನು ತೋಟದಲ್ಲಿಟ್ಟು ನೋಡಬೇಕು.

ತ್ರಿಕೋನಮಿತಿಗೆ ತೇರೇ ಪಾಠ. ದೂರದಲ್ಲಿ ನಿಂತು ಕಳಸ ನೋಡಿದಾಗ ಉನ್ನತ ಕೋನ 30 ಡಿಗ್ರಿ. 20 ಮೀಟರ್ ಹತ್ತಿರ ಬಂದಾಗ 60 ಡಿಗ್ರಿ ಎಂದುಕೊಳ್ಳಿ. ಉಳಿದ ದೂರ 'ದ' ಆಗಿರಲಿ. ಟ್ಯಾನ್ 60 ಎಂದರೆ √3. ಆದ್ದರಿಂದ ಎತ್ತರ ದ√3. ಟ್ಯಾನ್ 30 ಎಂದರೆ 1/√3. ಆದ್ದರಿಂದ ಅದೇ ಎತ್ತರ (ದ+20)/√3. ಎರಡನ್ನೂ ಸರಿದೂಗಿಸಿದರೆ 3ದ = ದ+20, ಅಂದರೆ ದ 10 ಮೀಟರ್. ಎತ್ತರ 10√3, ಸುಮಾರು 17.3 ಮೀಟರ್. ತೇರು ಹತ್ತಲಿಲ್ಲ, ಹಗ್ಗ ಇಳಿಬಿಡಲಿಲ್ಲ, ಅಳತೆ ಸಿಕ್ಕಿತು!

ಇಂಥ ಲೆಕ್ಕ ಕನ್ನಡ ನಾಡಿಗೆ ಹೊಸತಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವನು ಆಗಲೇ ಹೇಳಿದ್ದ. 12ನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ರಚಿಸಿದ. ಹೊಲ, ವ್ಯಾಪಾರ, ಬಡ್ಡಿಯ ಲೆಕ್ಕಗಳಿಂದಲೇ ಗಣಿತ ಕಲಿಸಿದ ಪರಂಪರೆಯಿದು.

ನಿಮ್ಮ ಮನೆಯಲ್ಲಿ ಹತ್ತನೇ ತರಗತಿಯ ಮಗು ಲೆಕ್ಕದ ಮುಂದೆ ತಲೆಗೆ ಕೈಹೊತ್ತು ಕೂತಿದ್ದರೆ ಗದರಬೇಡಿ. ನಿಮಗೆ ಬೀಜಗಣಿತ ಬಾರದಿದ್ದರೂ ಚಿಂತೆಯಿಲ್ಲ. ಮೂರೇ ಪ್ರಶ್ನೆ ಕೇಳಿ: ಚಿತ್ರ ಬರೆದೆಯಾ? ಕೊಟ್ಟಿರುವುದೇನು? ಕೇಳಿರುವುದೇನು? ಉತ್ತರ ಹೇಳುತ್ತ ಹೇಳುತ್ತಲೇ ಮಗುವಿಗೆ ಅರ್ಧ ದಾರಿ ಸವೆದಿರುತ್ತದೆ.